ಅಪಾರ್ಟ್‌ಮೆಂಟಿಗೆ ಬಂದ್ಮೇಲೆ ಡಿಎಕ್ಸ್ ಮುಗೀತಾ? ದೂರದ ಹ್ಯಾಮ್ ರೇಡಿಯೋಗೆ ಮುಂದೇನು?

ತಂತಿಮನೆ_ಬೆಂಗಳೂರು
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಓದಿ.

1988ರಿಂದ ನನ್ನ ಹತ್ರ ಹ್ಯಾಮ್ ಲೈಸೆನ್ಸ್ ಇದೆ, ಹವ್ಯಾಸಕ್ಕೆ ಮನೆಯಿಂದಾನೇ ರೇಡಿಯೋದಲ್ಲಿ ಮಾತಾಡೋದು. ಡಿಎಕ್ಸ್ ಅಂದ್ರೆ ದೂರದ ದೇಶದವರ ಜೊತೆ ಕಾಂಟ್ಯಾಕ್ಟ್. ಹೋದ ವರ್ಷ ರಾಜಾಜಿನಗರದ ಮನೆ ಮಾರಿ ಮಗಳ ಮನೆ ಹತ್ರ ಅಪಾರ್ಟ್‌ಮೆಂಟಿಗೆ ಬಂದ್ವಿ, ನಾಲ್ಕನೇ ಮಹಡಿ. ಹಳೇ ಮನೆ ತಾರಸಿ ಮೇಲೆ 20 ಮೀಟರ್ ಬ್ಯಾಂಡಿನ (ರೇಡಿಯೋ ಅಲೆಯ ಉದ್ದದ ಲೆಕ್ಕ) ಡೈಪೋಲ್ ಅನ್ನೋ ತಂತಿ ಆಂಟೆನಾ ಇತ್ತು, ತೆಂಗಿನ ಮರಕ್ಕೂ ನೀರಿನ ಟ್ಯಾಂಕಿಗೂ ಕಟ್ಟಿದ್ದು. ಇಲ್ಲಿ ತಾರಸಿಗೆ ಒಂದು ತಂತಿ ಕಟ್ಟೋಕೂ ಅಸೋಸಿಯೇಷನ್ ಒಪ್ಪಲ್ಲ. ಬಾಲ್ಕನಿಯಲ್ಲಿ ಏನೋ ಕಟ್ಟಿಕೊಂಡು 40 ಮೀಟರ್ ಹಾಕಿದ್ರೆ ಸಿಗ್ನಲ್ ಬಲ ತೋರಿಸೋ ಎಸ್-ಮೀಟರ್ ಸೂಜಿ 9ರ ಮೇಲೇ ಕೂತಿರುತ್ತೆ, ಬರೀ ಗುಂಯ್ ಅನ್ನೋ ಸದ್ದು. ಲಿಫ್ಟ್ ಓಡಿದಾಗ ಅದೂ ಮುಚ್ಚಿಹೋಗಿ ಬೇರೆ ಒಂದು ಕಿರುಚಾಟ ಶುರುವಾಗುತ್ತೆ.

ನಿನ್ನೆ ಹಳೇ ಲಾಗ್‌ಬುಕ್ ತೆಗೆದೆ. 1989ರ ನವೆಂಬರ್, ಒಂದೇ ಸಂಜೆ 10 ಮೀಟರ್ ಬ್ಯಾಂಡಲ್ಲಿ ಇಟಲಿ, ಸ್ಪೇನ್, ಬ್ರೆಜಿಲ್. ಮನೇಲೇ ಕೂತು ಬೆಸುಗೆ ಹಾಕಿದ ರಿಗ್ (ರೇಡಿಯೋ ಸೆಟ್), ದನಿ ಕೇಳಿಸ್ತಿತ್ತು, ನಗು ಕೇಳಿಸ್ತಿತ್ತು. ಈಗ ಹೋದ ವರ್ಷದ ಲಾಗ್ ನೋಡಿದ್ರೆ 212 ಕಾಂಟ್ಯಾಕ್ಟ್, ಅದರಲ್ಲಿ 209 ಎಫ್‌ಟಿ8, ದನಿ ಇಲ್ಲದೆ ಕಂಪ್ಯೂಟರಿಂದ ಪುಟ್ಟ ಸಂದೇಶ ಕಳಿಸೋ ವಿಧಾನ. ಒಬ್ಬರ ಹೆಸರೂ ನೆನಪಿಲ್ಲ.

ರಿಗ್ ಯಾರಾದ್ರೂ ಹುಡುಗರಿಗೆ ಕೊಟ್ಟುಬಿಡೋಣ ಅಂತ ಅನ್ಸ್ತಿದೆ. ಇನ್ನು ಹತ್ತು ವರ್ಷಕ್ಕೆ ದೂರದ ಕಾಂಟ್ಯಾಕ್ಟ್ ಅನ್ನೋದು ಉಳಿಯುತ್ತಾ? ಮನಸ್ಸಿನಲ್ಲಿರೋದನ್ನೇ ಹೇಳಿ.

ಹುಬ್ಬಳ್ಳಿ_5ವ್ಯಾಟ್
ಸರ್, ಮೊದಲ ಆ ರಿಗ್ ಕೊಡೋ ಮಾತ ಬಿಡ್ರಿ.

ನಂದು ಎರಡ ವರ್ಷದ ಲೈಸೆನ್ಸ್, ರಿಸ್ಟ್ರಿಕ್ಟೆಡ್ ಗ್ರೇಡ್, ಅಂದ್ರ ಕೆಳಗಿನ ದರ್ಜೆದ್ದು. ಮಾಳಿಗಿ ಮ್ಯಾಲ ಬಟ್ಟಿ ಒಣಾಕೋ ಹಗ್ಗದ ಜೋಡಿನ ಒಂದ ತಂತಿ ಎಳದೀನಿ. 5 ವ್ಯಾಟ್. ಅಷ್ಟರಾಗ ನೂರಾ ನಾಕ ದೇಶ ಆಗ್ಯಾವ್ರಿ, ಎಲ್ಲಾ ಎಫ್‌ಟಿ8 ಮ್ಯಾಲ. ದನಿಲೇ ಮಾತಾಡ್ತೀನಿ ಅಂತ ಕುಂತಿದ್ರ ನನಗ ಶ್ರೀಲಂಕಾನೂ ಸಿಗ್ತಿದ್ದಿಲ್ಲ. ನೀವು ಹೆಸರ ನೆನಪಿಲ್ಲ ಅಂತೀರಿ, ನನಗ ಮೊದಲನೇ ಜಪಾನ್ ಕಾಂಟ್ಯಾಕ್ಟ್ ರಾತ್ರಿ 7:40ಕ್ಕ ಆಗಿದ್ದು ಇವತ್ತಿಗೂ ನೆನಪೈತಿ, ಅವ್ವನ್ನ ಕರದು ಸ್ಕ್ರೀನ್ ತೋರಿಸಿದ್ದೆ.

ಮೈಸೂರು_ಕೀ
ನೂರಾ ನಾಲ್ಕು ದೇಶ ಸರಿ. ಎಷ್ಟು ಜನರ ಹತ್ರ ಮಾತಾಡಿದ್ರಿ?

ಹುಬ್ಬಳ್ಳಿ_5ವ್ಯಾಟ್
ಮಾತು ಅಂದ್ರ ಏನ್ರಿ ಸರ್? ನೀವು ಮೋರ್ಸ್‌ನಾಗ 599 ಥ್ಯಾಂಕ್ಯೂ 73 (ಸಿಗ್ನಲ್ ಚಲೋ ಐತಿ, ಶುಭಾಶಯ) ಅಂತ ಕಳಸಿ ಮುಂದಿನವರಿಗಿ ಹೋಗ್ತೀರಲ್ಲ, ಅದು ಮಾತೇನು?

ಮೈಸೂರು_ಕೀ
ಕಾಂಟೆಸ್ಟಲ್ಲಿ ಹಾಗೆ, ಒಪ್ತೀನಿ. ಆದ್ರೆ ಅಲ್ಲಿ ಕಿವಿ ನಂದು, ಕೈ ನಂದು. ಹಿಂದೆ ಮೂವತ್ತು ಸ್ಟೇಷನ್ ಒಟ್ಟಿಗೆ ಕೂಗ್ತಿರುವಾಗ ಒಂದು ಕಾಲ್‌ಸೈನಿನ (ಸ್ಟೇಷನ್ನಿನ ಗುರುತಿನ ಹೆಸರು) ಕೊನೇ ಎರಡಕ್ಷರ ಹಿಡಿಯೋದು ಇದೆಯಲ್ಲ, ಅದನ್ನ ಕಲಿಯೋಕೆ ನನಗೆ ಆರು ವರ್ಷ ಹಿಡೀತು. ನಿಮ್ಮದರಲ್ಲಿ ಗುಂಡಿ ಒತ್ತಿದ್ಮೇಲೆ ಮುಂದಿನದ್ದೆಲ್ಲ ಕಂಪ್ಯೂಟರ್ ಕಂಪ್ಯೂಟರ್ ಮಾತಾಡಿಕೊಳ್ಳುತ್ತೆ. ಕೈಗೆ ಬರಬೇಕಾದ ವಿದ್ಯೆ ಕೈಗೆ ಬರದೇ ಹೋದ್ರೆ ಮುಂದಿನ ಪೀಳಿಗೆಗೆ ಏನು ಕೊಡ್ತೀವಿ?

ಡಿಕೋಡ್_ಮಾಡೋಣ
ಎಫ್‌ಟಿ8ನ ಕಂಪ್ಯೂಟರ್ ಆಟ ಅಂತ ತಳ್ಳಿಹಾಕೋ ಮೊದಲು ಅದು ಹೇಗೆ ಕೆಲಸ ಮಾಡುತ್ತೆ ಅಂತ ನೋಡಿ. 2017ರಲ್ಲಿ ಬಂತು, ಮಾಡಿದ್ದು ಜೋ ಟೇಲರ್ ಮತ್ತು ಸ್ಟೀವ್ ಫ್ರಾಂಕ್. ಟೇಲರ್ ಅಂದ್ರೆ 1993ರ ಭೌತಶಾಸ್ತ್ರ ನೊಬೆಲ್ ಪಡೆದವರು, ಪಲ್ಸಾರ್‌ನಿಂದ (ಒಂದು ಬಗೆಯ ನಕ್ಷತ್ರ) ಬರೋ ಕ್ಷೀಣ ಸಿಗ್ನಲ್ ಹುಡುಕೋದೇ ಅವರ ಕೆಲಸ ಆಗಿತ್ತು. ಸದ್ದಿನಲ್ಲಿ ಮುಳುಗಿರೋ ಸಿಗ್ನಲನ್ನ ಮೇಲೆತ್ತೋ ಅದೇ ಅಭ್ಯಾಸ ಇಲ್ಲೂ ಬಂದಿದೆ. 15 ಸೆಕೆಂಡಿಗೆ ಒಂದು ಸರದಿ, 77 ಬಿಟ್ ಸಂದೇಶ, ಸುಮಾರು 50 ಹರ್ಟ್ಸ್ ಜಾಗ. ಕಿವಿಗೆ ಏನೂ ಕೇಳದೇ ಇರುವಾಗ, ಗದ್ದಲಕ್ಕಿಂತ 20 ಡಿಬಿ, ಅಂದ್ರೆ ನೂರು ಪಟ್ಟು, ಕೆಳಗಿದ್ರೂ ಓದಿಕೊಳ್ಳುತ್ತೆ.

ಓಪಿ (ಪ್ರಶ್ನೆ ಹಾಕಿದ) ಸರ್ ಬಾಲ್ಕನಿಯಿಂದ 209 ಕಾಂಟ್ಯಾಕ್ಟ್ ಮಾಡಿದಾರಲ್ಲ, ಆ ಎಸ್9 ಗದ್ದಲದಲ್ಲಿ ದನಿಯಲ್ಲಿ ಮಾಡೋಕೆ ಆಗ್ತಿತ್ತಾ? ಅವರನ್ನ ರೇಡಿಯೋ ಮುಂದೆ ಇನ್ನೂ ಕೂರಿಸಿರೋದೇ ಎಫ್‌ಟಿ8.

ತಂತಿಮನೆ_ಬೆಂಗಳೂರು
ಅದು ನಿಜ. ಅದಿಲ್ಲದಿದ್ರೆ ಯಾವಾಗಲೋ ಬಿಟ್ಟುಬಿಡ್ತಿದ್ದೆ.

ಕೊಪ್ಪ_ಅಡಿಕೆತೋಟ
ನಮಸ್ಕಾರ ಮಾರಾಯ್ರೆ. ನನಗೆ ಈ ದನಿ, ಮೋರ್ಸ್, ಎಫ್‌ಟಿ8 ಜಗಳ ಅರ್ಥ ಆಗಲ್ಲ, ನನ್ನ ಪ್ರಕಾರ ಮುಂದೆ ಡಿಎಕ್ಸ್ ಉಳಿಯೋದು ಬಿಡೋದು ಗದ್ದಲದ ಮೇಲೆ ನಿಂತಿದೆ. ಎಲ್ಇಡಿ ಬಲ್ಬು, ಮೊಬೈಲ್ ಚಾರ್ಜರು, ಸೋಲಾರ್ ಇನ್ವರ್ಟರು, ಎಲ್ಲದರ ಒಳಗೂ ಸೆಕೆಂಡಿಗೆ ಸಾವಿರಾರು ಸಲ ಆನ್ ಆಫ್ ಆಗೋ ಸರ್ಕ್ಯೂಟ್ ಇದೆ, ಅಗ್ಗದ ಮಾಲಲ್ಲಿ ಫಿಲ್ಟರ್ ಹಾಕಿರಲ್ಲ, ಮನೆ ವೈರಿಂಗೇ ಅದಕ್ಕೆ ಆಂಟೆನಾ ಆಗಿಬಿಡುತ್ತೆ.

ನಮ್ಮಲ್ಲಿ ಪಕ್ಕದ ಮನೆ ಅಂದ್ರೆ ಅರ್ಧ ಕಿಲೋಮೀಟರ್. 40 ಮೀಟರ್ ಡೈಪೋಲ್ ಅಂದ್ರೆ ಇಪ್ಪತ್ತು ಮೀಟರ್ ತಂತಿ ಅಲ್ವಾ, ಎರಡು ಅಡಿಕೆ ಮರಕ್ಕೆ ಕಟ್ಟಿದೀನಿ, ಕೊನೆಗಾರ ಹತ್ತಿ ಕಟ್ಟಿಕೊಟ್ಟ. ಮರ ಗಾಳಿಗೆ ತೂಗುತ್ತೆ ಅಂತ ಒಂದು ಕಡೆ ರಾಟೆ ಹಾಕಿ ಹಗ್ಗದ ತುದಿಗೆ ಕಲ್ಲು ಕಟ್ಟಿದೀನಿ, ತಂತಿ ಹರಿಯಲ್ಲ. ಬೆಳಗಿನ ಜಾವ ಕರೆಂಟ್ ಇಲ್ಲದಾಗ ಬ್ಯಾಟರಿಗೆ ಹಾಕಿ ರೇಡಿಯೋ ಆನ್ ಮಾಡಿದ್ರೆ ಮೊದಲು ರೇಡಿಯೋನೇ ಕೆಟ್ಟೋಯ್ತಾ ಅನ್ನೋಷ್ಟು ನಿಶ್ಶಬ್ದ. ಆಮೇಲೆ ಆ ನಿಶ್ಶಬ್ದದ ತಳದಿಂದ ಸಣ್ಣಗೆ ಒಂದು ದನಿ ಮೇಲೆ ಬರುತ್ತೆ.

ಓಪಿ ಸರ್, ಒಂದು ಶನಿವಾರ ಬಂದುಬಿಡಿ. ರಿಗ್ ತನ್ನಿ. ಊಟ ನಮ್ಮನೇಲಿ.

ಹೊಸ_ವಿಯು3
ಸರ್ ನಾನೂ ಬರಬಹುದಾ? ಇಂಜಿನಿಯರಿಂಗ್ ಮೂರನೇ ವರ್ಷ. ಪರೀಕ್ಷೆ ಪಾಸಾಗಿ ಲೈಸೆನ್ಸ್ ಕೈಗೆ ಬರೋಕೆ ಹನ್ನೊಂದು ತಿಂಗಳು ಆಯ್ತು. ನನ್ನ ಜೊತೆ ಪರೀಕ್ಷೆ ಬರೆದ ಆರು ಜನರಲ್ಲಿ ನಾಲ್ಕು ಜನ ಅಷ್ಟರಲ್ಲಿ ಆಸಕ್ತಿನೇ ಕಳ್ಕೊಂಡ್ರು. ಹುಡುಗರು ಬರ್ತಿಲ್ಲ ಅಂತ ಎಲ್ಲರೂ ಹೇಳ್ತಾರೆ, ಬಂದವರನ್ನ ಬಾಗಿಲಲ್ಲಿ ಎಷ್ಟು ದಿನ ನಿಲ್ಲಿಸ್ತೀವಿ ಅಂತ ಯಾರೂ ಕೇಳಲ್ಲ.

ಕೊಪ್ಪ_ಅಡಿಕೆತೋಟ
ಬಾ ತಮ್ಮಾ, ಇದೇನ್ ಕೇಳೋದು.

ಲೆಕ್ಕ_ಸರಿ
ಹುಡುಗರ ವಿಷಯ ಬಂತು ಅಂತ. ಜಪಾನಲ್ಲಿ 1995ರ ಹೊತ್ತಿಗೆ ಹ್ಯಾಮ್ ಸ್ಟೇಷನ್ ಲೈಸೆನ್ಸ್ 13 ಲಕ್ಷ ದಾಟಿತ್ತು. ಈಗ 4 ಲಕ್ಷಕ್ಕಿಂತ ಕಡಿಮೆ. ಸಂಜೆ 15 ಮೀಟರ್ ಬ್ಯಾಂಡ್ ತುಂಬಾ ಜಪಾನಿನವರೇ ಕೂಗ್ತಿದ್ದ ಕಾಲ ನೋಡಿದವರಿಗೆ ಈಗಿನ ಖಾಲಿತನ ಎದೆಗೆ ತಟ್ಟುತ್ತೆ. ಅಮೆರಿಕದಲ್ಲಿ ಇನ್ನೂ 7 ಲಕ್ಷದ ಮೇಲಿದೆ, ಆದ್ರೆ ಅಲ್ಲೂ ಬ್ಯಾಂಡ್ ಮೇಲೆ ಕೇಳೋ ದನಿಗಳಿಗೆ ವಯಸ್ಸಾಗಿದೆ. ಡಿಎಕ್ಸ್‌ಗೆ ಆ ಕಡೆ ಒಬ್ಬರು ಬೇಕಲ್ಲ.

ಸುಮ್ನೆ_ಕೇಳ್ದೆ
ಹೊರಗಿನವನು ನಾನು, ತಪ್ಪು ತಿಳೀಬೇಡಿ. ವಾಟ್ಸಾಪ್ ವಿಡಿಯೋ ಕಾಲಲ್ಲಿ ಬ್ರೆಜಿಲ್‌ಗೆ ಮುಖ ನೋಡಿಕೊಂಡೇ ಮಾತಾಡಬಹುದು. ಇದೆಲ್ಲ ಯಾಕೆ?

ಕಡಲಕರೆ_ಉಡುಪಿ
ಕೇಳಿದ್ದು ಒಳ್ಳೇದಾಯ್ತು. 2004ರ ಡಿಸೆಂಬರಲ್ಲಿ ಭಾರತಿ ಪ್ರಸಾದ್ ಅವರ ಹ್ಯಾಮ್ ತಂಡ ಪೋರ್ಟ್ ಬ್ಲೇರ್‌ಗೆ ಹೋಗಿತ್ತು. ಅಂಡಮಾನ್ ಆಗ ಡಿಎಕ್ಸ್ ಮಾಡೋರು ವರ್ಷಗಟ್ಟಲೆ ಕಾದು ಕೂತಿದ್ದ ಜಾಗ, ಲೋಕದ ಎಲ್ಲಾ ಮೂಲೆಯಿಂದ ಸಾವಿರಾರು ಜನ ಅವರನ್ನ ಕರೀತಾ ಇದ್ರು. ಡಿಸೆಂಬರ್ 26ರ ಬೆಳಿಗ್ಗೆ ಭೂಕಂಪ, ಹಿಂದೆನೇ ಸುನಾಮಿ. ಫೋನು ಸತ್ತೋಯ್ತು. ಡಿಎಕ್ಸ್‌ಗೆ ಅಂತ ಹೊತ್ತುಕೊಂಡು ಹೋಗಿದ್ದ ಅದೇ ರಿಗ್, ಅದೇ ಆಂಟೆನಾದಿಂದ ಮುಖ್ಯಭೂಮಿಗೆ ಸುದ್ದಿ ಬಂತು. ಯಾರು ಬದುಕಿದಾರೆ, ಯಾರಿಗೆ ಏನು ಬೇಕು ಅನ್ನೋದು ದಿನಗಟ್ಟಲೆ ಹೋಯ್ತು.

ವಾಟ್ಸಾಪ್‌ಗೆ ಮಧ್ಯ ಟವರ್ ಬೇಕು, ಕೇಬಲ್ ಬೇಕು, ಸರ್ವರ್ ಬೇಕು. ಇದಕ್ಕೆ ಮಧ್ಯ ಆಕಾಶ ಸಾಕು.

ಸುಮ್ನೆ_ಕೇಳ್ದೆ
ಇದು ಗೊತ್ತಿರಲಿಲ್ಲ. ಥ್ಯಾಂಕ್ಸ್ ಸರ್. ಆಕಾಶ ಸಾಕು ಅಂದ್ರೆ ಹೇಗೆ?

ಕಡಲಕರೆ_ಉಡುಪಿ
ಮೇಲೆ 250ರಿಂದ 400 ಕಿ.ಮೀ. ಎತ್ತರದಲ್ಲಿ ಅಯಾನುಗೋಳದ ಎಫ್2 ಅನ್ನೋ ಪದರ ಇದೆ, ಸೂರ್ಯನ ಬಿಸಿಲಿಂದಾನೇ ಆಗಿದ್ದು. ಶಾರ್ಟ್‌ವೇವ್ ಅಲ್ಲಿಗೆ ತಾಗಿ ಕೆಳಗೆ ಬಾಗುತ್ತೆ, ಒಂದು ನೆಗೆತಕ್ಕೆ ಹೆಚ್ಚಂದ್ರೆ 4000 ಕಿ.ಮೀ. ಕೆಳಗೆ ಬಂದು ಸಮುದ್ರಕ್ಕೋ ನೆಲಕ್ಕೋ ಬಡಿದು ಮತ್ತೆ ಮೇಲೆ. ಕೆರೆ ಮೇಲೆ ಚಪ್ಪಟೆ ಕಲ್ಲು ಎಸೆದ ಹಾಗೆ. ನಾಲ್ಕು ನೆಗೆತಕ್ಕೆ ನ್ಯೂಯಾರ್ಕ್.

ಸೂರ್ಯನಕಲೆ
ಓಪಿ ಅವರೇ, 1989ರ ಲಾಗನ್ನ ಈಗಿನದಕ್ಕೆ ಹೋಲಿಸೋದು ಸರಿಯಲ್ಲ. ಸೂರ್ಯನ ಚಟುವಟಿಕೆ ಸುಮಾರು 11 ವರ್ಷಕ್ಕೊಮ್ಮೆ ಏರಿ ಇಳಿಯುತ್ತೆ, ಅದು 22ನೇ ಸೌರ ಚಕ್ರದ ತುತ್ತತುದಿ, ತುಂಬಾ ಬಲವಾದ ಚಕ್ರ. ಆಗ 10 ಮೀಟರಲ್ಲಿ ಸ್ವಲ್ಪ ಪವರ್ ಸಾಕಿತ್ತು. ಈಗಿನ 25ನೇ ಚಕ್ರ ಅದರಷ್ಟಿಲ್ಲ, ಆದ್ರೂ ಅಂದುಕೊಂಡಿದ್ದಕ್ಕಿಂತ ಚೆನ್ನಾಗಿ ಬಂತು. 2022ರಲ್ಲಿ ಗರಿಷ್ಠಕ್ಕೆ ಹೋಗಿ ಈಗ ಇಳೀತಿದೆ. 2030ರ ಆಸುಪಾಸು ತಳ ಮುಟ್ಟುತ್ತೆ, ಆಗ ಇನ್ನೂ ನಾಲ್ಕು ಜನ ಡಿಎಕ್ಸ್ ಸತ್ತೋಯ್ತು ಅಂತ ಬರೀತಾರೆ.

ಲೆಕ್ಕ_ಸರಿ
2022 ಅಲ್ಲ. ಗರಿಷ್ಠದ ಹಂತಕ್ಕೆ ಬಂದಿದೆ ಅಂತ ನಾಸಾದವರು ಹೇಳಿದ್ದು 2024ರ ಅಕ್ಟೋಬರಲ್ಲಿ. ಚಕ್ರ ಶುರುವಾಗಿದ್ದು 2019ರ ಡಿಸೆಂಬರ್.

ಸೂರ್ಯನಕಲೆ
ಹೌದು, ತಪ್ಪಾಯ್ತು, 2024. ಅದೇ ವರ್ಷ ಮೇ 10-11ರ ಸೌರ ಬಿರುಗಾಳಿಗೆ ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾಗಿತ್ತಲ್ಲ, ಆವತ್ತು ನನ್ನ ರಿಸೀವರಲ್ಲಿ 20 ಮೀಟರ್ ಪೂರ್ತಿ ಖಾಲಿ. ಆಂಟೆನಾ ಕೇಬಲ್ ಕಿತ್ತೋಗಿದೆ ಅಂತ ರಾತ್ರಿ ಟಾರ್ಚ್ ಹಿಡ್ಕೊಂಡು ತಾರಸಿ ಹತ್ತಿದ್ದೆ.

ಹೇಳೋಕೆ ಹೊರಟಿದ್ದು ಏನಂದ್ರೆ, ಸೂರ್ಯನ ಚಟುವಟಿಕೆ ಇಳಿದಾಗ 10, 12, 15 ಮೀಟರ್ ಮಲಗುತ್ತೆ, ಆದ್ರೆ 40, 80, 160 ಚಿಗುರುತ್ತೆ. ಆ ಬ್ಯಾಂಡಿಗೆ ಉದ್ದ ತಂತಿ ಬೇಕು, ಜೊತೆಗೆ ಗದ್ದಲ ಇಲ್ಲದ ಜಾಗ ಬೇಕು. ಪಟ್ಟಣದಲ್ಲಿ ಎರಡೂ ಇಲ್ಲ. ಮುಂದಿನ ಐದಾರು ವರ್ಷ ಪಟ್ಟಣದ ಹ್ಯಾಮ್‌ಗೆ ಕಷ್ಟಾನೇ.

ನ್ಯೂಜೆರ್ಸಿ_ಕನ್ನಡಿಗ
ಇಲ್ಲೂ ಅದೇ ಕಥೆ. ನಮ್ಮ ಬಡಾವಣೆಯ ನಿಯಮದಲ್ಲಿ ಕಂಬ ನೆಡಂಗಿಲ್ಲ. ಮನೆ ಹಿಂದೆ ಮೇಪಲ್ ಮರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತಂತಿ ಬಿಟ್ಟಿದೀನಿ.

ನಾನೂ ಮೈಸೂರಲ್ಲಿರೋ ಸ್ನೇಹಿತನೂ ನಾಲ್ಕು ವರ್ಷದಿಂದ 20 ಮೀಟರಲ್ಲಿ ದನಿ ಕೇಳಿಸ್ಕೋಬೇಕು ಅಂತ ಪ್ರಯತ್ನ ಮಾಡ್ತಿದ್ವಿ. ಹದಿಮೂರು ಸಾವಿರ ಕಿಲೋಮೀಟರ್ ಮೇಲೆ, ಅದೂ ದಾರಿ ಉತ್ತರ ಧ್ರುವದ ಹತ್ರ ಹಾದುಹೋಗುತ್ತೆ, ಅಲ್ಲಿ ಕಾಂತಕ್ಷೇತ್ರ ಸ್ವಲ್ಪ ಕದಡಿದ್ರೂ ಸಿಗ್ನಲ್ ಕರಗಿಹೋಗುತ್ತೆ. ಫೋನಲ್ಲಿ ಟೈಮ್ ನೋಡ್ಕೊಂಡು, ಇನ್ನೊಂದು ಕಿಲೋಹರ್ಟ್ಸ್ ಮೇಲೆ ಬಾ ಅಂತ ಮೆಸೇಜ್ ಹಾಕ್ಕೊಂಡು. ಹೋದ ಅಕ್ಟೋಬರ್ ಒಂದು ಬೆಳಿಗ್ಗೆ ನಮ್ಮ ಕಡೆ ಸೂರ್ಯ ಹುಟ್ತಾ ಇದ್ದಾಗ ಸದ್ದಿನ ಒಳಗಿಂದ "ಲೇ, ಕೇಳ್ತಾ ಇದೆಯೇನೋ" ಅಂತ ಬಂತು. ನಾಲ್ಕು ನಿಮಿಷ ಇತ್ತು ಅಷ್ಟೇ. ದಿನಾ ವಾಟ್ಸಾಪಲ್ಲಿ ಮಾತಾಡೋ ಮನುಷ್ಯನೇ, ಆದ್ರೂ ಕೈ ನಡುಗ್ತಿತ್ತು ನಂದು. ಇಬ್ಬರೂ ಊಟದ ವಿಷಯ ಬಿಟ್ಟು ಬೇರೆ ಏನೂ ಮಾತಾಡ್ಲಿಲ್ಲ, ಅವನು ಹುಳಿಯನ್ನ ತಿಂದಿದ್ದನಂತೆ.

ಮೈಸೂರು_ಕೀ
ಆ ಸ್ನೇಹಿತ ನಾನೇ. ಹುಳಿಯನ್ನ ಅಲ್ಲ, ಅವತ್ತು ಬಿಸಿಬೇಳೆಬಾತ್. ನಾನು ಮೂವತ್ತು ವರ್ಷದಲ್ಲಿ ಮೈಕ್ ಹಿಡಿದಿದ್ದೇ ಕಮ್ಮಿ, ಅವತ್ತು ಹಿಡಿದೆ.

ಹುಬ್ಬಳ್ಳಿ_5ವ್ಯಾಟ್
ಸರ್ ಭಾರಿ ಆತ್ರೀ ಇದು. ಆದ್ರ ಒಂದ ಕೇಳ್ತೀನಿ, ಆ ಹೊತ್ತಿಗಿ ಬ್ಯಾಂಡ್ ತೆರದೈತಿ ಅಂತ ಹೆಂಗ ಗೊತ್ತಾತ್ರಿ ನಿಮಗ?

ನ್ಯೂಜೆರ್ಸಿ_ಕನ್ನಡಿಗ
ಎಫ್‌ಟಿ8 ಸ್ಕ್ರೀನಲ್ಲಿ ವಿಯು ಸ್ಟೇಷನ್‌ಗಳು (ಭಾರತದವು) ಬರೋಕೆ ಶುರು ಆಗಿತ್ತು, ಅದನ್ನ ನೋಡೇ ಅವನನ್ನ ಮೈಕಿಗೆ ಕರೆದಿದ್ದು.

ಮೈಸೂರು_ಕೀ
ಸರಿ. ಅಷ್ಟಕ್ಕೆ ಉಪಯೋಗ ಅಂತ ಒಪ್ಪಿದೆ.

ಡಿಶ್_ಮೇಲೆ_ಕಣ್ಣು
ಎಲ್ಲರೂ ಎಚ್‌ಎಫ್ (ಶಾರ್ಟ್‌ವೇವ್) ಒಂದನ್ನೇ ಹಿಡ್ಕೊಂಡಿದೀರಿ. ಕತಾರಿನ ಎಸ್‌ಹೈಲ್-2 ಉಪಗ್ರಹದ ಮೇಲೆ ಹ್ಯಾಮ್ ಟ್ರಾನ್ಸ್‌ಪಾಂಡರ್ ಇದೆ, ಕ್ಯೂಓ-100 ಅಂತ, ಕೆಳಗಿನ ಸಿಗ್ನಲ್ ಹಿಡಿದು ವಾಪಸ್ ಕಳಿಸುತ್ತೆ. 2018ರ ನವೆಂಬರಲ್ಲಿ ಹಾರಿಸಿದ್ದು. ಭೂಸ್ಥಿರ ಕಕ್ಷೆಯಲ್ಲಿರೋ ಮೊದಲ ಹ್ಯಾಮ್ ಟ್ರಾನ್ಸ್‌ಪಾಂಡರ್, ಬ್ರೆಜಿಲ್‌ನಿಂದ ಥೈಲ್ಯಾಂಡ್‌ವರೆಗೂ ದಿನದ 24 ಗಂಟೆ. ಸೌರ ಚಕ್ರದ ಹಂಗಿಲ್ಲ.

ಬರೀ ಕೇಳೋಕೆ ಹೆಚ್ಚು ಖರ್ಚಿಲ್ಲ. ಹಳೇ ಡಿಟಿಎಚ್ ಡಿಶ್ ತಗೊಳ್ಳಿ, ಬೆಂಗಳೂರಿಂದ ಹೆಚ್ಚುಕಮ್ಮಿ ನೇರ ಪಶ್ಚಿಮಕ್ಕೆ ತಿರುಗಿಸಿ, ದಿಗಂತದಿಂದ ಸುಮಾರು 30 ಡಿಗ್ರಿ ಮೇಲೆ. ಡಿಶ್ ಮುಂದೆ 9.75 ಗಿಗಾಹರ್ಟ್ಸ್ ಆಸಿಲೇಟರ್ ಇರೋ ರಿಸೀವರ್ ತಲೆ, ಅಂದ್ರೆ ಎಲ್‌ಎನ್‌ಬಿ ಹಾಕಿದ್ರೆ 10.489 ಗಿಗಾಹರ್ಟ್ಸ್ ಕೆಳಗಿಳಿದು 739 ಮೆಗಾಹರ್ಟ್ಸ್ ಹತ್ರ ಬರುತ್ತೆ, ಸಣ್ಣ ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸೋ ರೇಡಿಯೋ) ಸಾಕು. ಎಲ್‌ಎನ್‌ಬಿಗೆ ವೋಲ್ಟೇಜ್ ಕೊಡೋದು ಮರೀಬೇಡಿ, ನಾನು ಮರೆತು ಎರಡು ದಿನ ಡಿಶ್ ತಿರುಗಿಸ್ತಾ ಕೂತಿದ್ದೆ.

ಮೈಸೂರು_ಕೀ
ಅದು ಡಿಎಕ್ಸ್ ಅಲ್ಲ. ದಿನಾ ಒಂದೇ ಥರ ಕೇಳೋದಾದ್ರೆ ಅದು ಟೆಲಿಫೋನ್.

ಡಿಶ್_ಮೇಲೆ_ಕಣ್ಣು
ಹಂಗಾದ್ರೆ ನಮ್ಮ ಹ್ಯಾಮ್‌ಸ್ಯಾಟ್ ಏನು ಸರ್? 2005ರ ಮೇ 5ಕ್ಕೆ ಪಿಎಸ್‌ಎಲ್‌ವಿ-ಸಿ6ನಲ್ಲಿ ಕಾರ್ಟೋಸ್ಯಾಟ್-1 ಜೊತೆ ಹೋಗಿದ್ದು, 42.5 ಕೆಜಿ, 2014ರ ಜುಲೈವರೆಗೂ ದುಡೀತು. ಕೈಯಲ್ಲಿ ಪುಟ್ಟ ಯಾಗಿ ಆಂಟೆನಾ ಹಿಡ್ಕೊಂಡು ಅದು ಓಡೋ ಕಡೆ ತಿರುಗಿಸ್ತಾ, ಡಾಪ್ಲರ್ (ಅದರ ಓಟಕ್ಕೆ ಫ್ರೀಕ್ವೆನ್ಸಿ ಜಾರೋದು) ಸರಿ ಮಾಡ್ತಾ, ಹತ್ತು ಹದಿನೈದು ನಿಮಿಷದೊಳಗೆ ಮಾತು ಮುಗಿಸಬೇಕಿತ್ತು. ಅದಕ್ಕೂ ಕೈಚಳಕ ಬೇಕಿತ್ತು. ಅದು ಸತ್ತ ದಿನ ನನಗೆ ಮನೆಯವರು ಹೋದಷ್ಟೇ ದುಃಖ ಆಗಿತ್ತು.

ಹೊಸ_ವಿಯು3
ನಾನು ಈ ಹವ್ಯಾಸಕ್ಕೆ ಬಿದ್ದಿದ್ದೇ ಬಾಹ್ಯಾಕಾಶದ ಕಡೆಯಿಂದ. 2025ರ ಜುಲೈ 4ಕ್ಕೆ ಶುಭಾಂಶು ಶುಕ್ಲಾ ಅವರು ಬಾಹ್ಯಾಕಾಶ ನಿಲ್ದಾಣದಿಂದ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿದ್ದ ಮಕ್ಕಳ ಹತ್ರ ಹ್ಯಾಮ್ ರೇಡಿಯೋದಲ್ಲೇ ಮಾತಾಡಿದ್ರಲ್ಲ, ಅವತ್ತು ನನ್ನ ತಂಗಿನ ಪಕ್ಕ ಕೂರಿಸ್ಕೊಂಡು 145.800 ಮೆಗಾಹರ್ಟ್ಸಿಗೆ ಟ್ಯೂನ್ ಮಾಡಿದ್ದೆ. ಒಂದಷ್ಟು ತುಣುಕು ಸಿಕ್ತು. ಈಗ ಅವಳೂ ಪರೀಕ್ಷೆಗೆ ಓದ್ತಿದಾಳೆ. 400 ಕಿಲೋಮೀಟರ್ ಅಷ್ಟೇ ಅನ್ನಬಹುದು, ಅವಳಿಗೆ ಅದೇ ಡಿಎಕ್ಸ್.

ಬೆಸುಗೆ_ತುಮಕೂರು
ಒಂದು ಮಾತು ಯಾರೂ ಎತ್ತಿಲ್ಲ. ಹುಡುಗರಿಗೆ ರಿಗ್ ಬೆಲೆನೇ ದೊಡ್ಡ ಗೋಡೆ. ಹೊಸ ಎಚ್‌ಎಫ್ ರಿಗ್ ತರಿಸಿದ್ರೆ ಒಂದು ಒಳ್ಳೇ ಬೈಕ್ ದುಡ್ಡು. ಹೈದರಾಬಾದಿನ ಅಷ್ಹರ್ ಫರ್ಹಾನ್ ಅವರು ಬಿಟ್‌ಎಕ್ಸ್ ಅಂತ ಡಿಸೈನ್ ಮಾಡಿ ಎಲ್ಲರಿಗೂ ಬಿಟ್ಟುಕೊಟ್ರು, ಪೇಟೆಯಲ್ಲಿ ಸಿಗೋ ಟ್ರಾನ್ಸಿಸ್ಟರ್‌ನಿಂದಾನೇ ಆಗೋ ಹಾಗೆ. ಆಮೇಲೆ ಅದೇ ಕಿಟ್ ಆಗಿ ಅಲ್ಲಿನ ಹೆಂಗಸರ ಗುಂಪು ಕಾಯಿಲ್ ಸುತ್ತಿಕೊಟ್ಟು ಲೋಕಕ್ಕೆಲ್ಲ ಹೋಯ್ತು. ನಮ್ಮ ದೇಶದ ಸರ್ಕ್ಯೂಟನ್ನ ಅಮೆರಿಕದವರು ಕೂತು ಬೆಸುಗೆ ಹಾಕಿದ್ದು ನೋಡಿ ನನಗೆ ಎಷ್ಟು ಹೆಮ್ಮೆ ಆಗಿತ್ತು. ಮುಂದಿನ ಡಿಎಕ್ಸ್ ಬೇಕಾದ್ರೆ ಹುಡುಗರ ಕೈಗೆ ಇಂಥದ್ದು ಕೊಡಬೇಕು. ತಾನೇ ಮಾಡಿದ ರಿಗ್ಗಿಗೆ ಆ ಕಡೆಯಿಂದ ಉತ್ತರ ಬಂದ್ರೆ ಅವನು ಈ ಜನ್ಮದಲ್ಲಿ ಬಿಡಲ್ಲ.

ಲೆಕ್ಕ_ಸರಿ
ಇದನ್ನ ನೂರಕ್ಕೆ ನೂರು ಒಪ್ತೀನಿ. ಶಾರ್ಟ್‌ವೇವ್ ಕಥೆನೇ ಹಾಗೆ. 1912ರಲ್ಲಿ ಅಮೆರಿಕದ ಕಾನೂನು ಹವ್ಯಾಸಿಗಳನ್ನ 200 ಮೀಟರಿಗಿಂತ ಚಿಕ್ಕ ಅಲೆಗಳ ಕಡೆ ತಳ್ಳಿತು, ಅದು ಯಾಕೂ ಬರಲ್ಲ ಅಂತ ಆಗಿನವರ ಲೆಕ್ಕ. 1923ರ ನವೆಂಬರಲ್ಲಿ ಫ್ರಾನ್ಸಿನ ಲಿಯೋನ್ ಡಿಲಾಯ್, ಅಮೆರಿಕದ ಫ್ರೆಡ್ ಶ್ನೆಲ್ ಅದೇ ಕೆಲಸಕ್ಕೆ ಬಾರದ ಜಾಗದಲ್ಲಿ, 110 ಮೀಟರ್ ಹತ್ರ, ಅಟ್ಲಾಂಟಿಕ್ ದಾಟಿ ಮಾತಾಡಿದ್ರು. ಎರಡೂ ಕಡೆ ಹವ್ಯಾಸಿಗಳೇ.

ಕಾಪರ್_ಲೂಪ್
ಓಪಿ ಸರ್ ಸಮಸ್ಯೆಗೆ ಯಾರೂ ದಾರಿ ಹೇಳ್ಲಿಲ್ಲ, ನಾನು ಹೇಳ್ತೀನಿ. ಬಾಲ್ಕನಿಗೆ ಮ್ಯಾಗ್ನೆಟಿಕ್ ಲೂಪ್ ಮಾಡಿ. ಎಸಿಗೆ ಹಾಕೋ ತಾಮ್ರದ ಪೈಪು, ಸುಮಾರು ಒಂದು ಮೀಟರ್ ಅಗಲದ ಉಂಗುರ, ತುದಿಗೆ ವೇರಿಯಬಲ್ ಕೆಪಾಸಿಟರ್, ಒಳಗಡೆ ಅದರ ಐದನೇ ಒಂದು ಭಾಗದ ಚಿಕ್ಕ ಉಂಗುರಕ್ಕೆ ಕೋಆಕ್ಸ್ ಕೇಬಲ್. ಹತ್ರದ ಗದ್ದಲ ಬರೋ ದಿಕ್ಕಿಗೆ ಉಂಗುರದ ಅಗಲ ಮುಖ ಮಾಡಿ ತಿರುಗಿಸ್ತಾ ಹೋದ್ರೆ ಒಂದು ಜಾಗದಲ್ಲಿ ಸೂಜಿ ದಬಕ್ಕಂತ ಬೀಳುತ್ತೆ. ಟ್ರಾನ್ಸ್‌ಮಿಟ್ ಮಾಡುವಾಗ ಮಾತ್ರ ಮುಟ್ಟಬೇಡಿ, 20 ವ್ಯಾಟಿಗೇ ಕೆಪಾಸಿಟರ್ ಮೇಲೆ ಸಾವಿರಾರು ವೋಲ್ಟ್ ನಿಲ್ಲುತ್ತೆ. ಮೊಮ್ಮಕ್ಕಳು ಓಡಾಡೋ ಮನೆಯಾದ್ರೆ ಬಾಲ್ಕನಿ ಬಾಗಿಲಿಗೆ ಚಿಲಕ.

ಇನ್ನೊಂದು, ಮನೆ ಮೇನ್ ಸ್ವಿಚ್ ಆಫ್ ಮಾಡಿ ರೇಡಿಯೋನ ಬ್ಯಾಟರಿಗೆ ಹಾಕಿ ಕೇಳಿ. ಸೂಜಿ ಬಿದ್ರೆ ಕಳ್ಳ ನಿಮ್ಮನೇಲೇ ಇದಾನೆ.

ತಂತಿಮನೆ_ಬೆಂಗಳೂರು
ಈಗಷ್ಟೇ ಮೇನ್ ಆಫ್ ಮಾಡಿ ನೋಡಿದೆ, ಹೆಂಡತಿ ಸೀರಿಯಲ್ ನೋಡ್ತಿದ್ಲು, ಬೈಸ್ಕೊಂಡೆ. ಎಸ್9ರಿಂದ ಎಸ್6ಕ್ಕೆ ಇಳೀತು! ಒಂದೊಂದೇ ಸ್ವಿಚ್ ಹಾಕ್ತಾ ಬಂದೆ, ಅಡುಗೆಮನೆ ಸೀಲಿಂಗಿನ ಎಲ್ಇಡಿ ಪ್ಯಾನಲ್. ಅದು ಹತ್ತಿದ ಕೂಡ್ಲೇ ಗುಂಯ್ ಅಂತು. ಒಂದೂವರೆ ವರ್ಷದಿಂದ ಪಕ್ಕದ ಮನೆಯವರನ್ನ ಮನಸ್ಸಲ್ಲೇ ಶಪಿಸ್ತಿದ್ದೆ.

ಕಾಪರ್_ಲೂಪ್
ಆ ಪ್ಯಾನಲ್ ಡ್ರೈವರಿನ ಎರಡೂ ಕಡೆ ವೈರನ್ನ ಗದ್ದಲ ತಡೆಯೋ ಫೆರೈಟ್ ರಿಂಗಿಗೆ ಏಳೆಂಟು ಸುತ್ತು ಸುತ್ತಿ. ಉಳಿದ ಎಸ್6 ನೆರೆಹೊರೆದು, ಅದಕ್ಕೆ ಲೂಪ್.

ಕೊಪ್ಪ_ಅಡಿಕೆತೋಟ
ನಮ್ಮಲ್ಲಿ ಸದ್ದೇ ಇಲ್ಲ ಅಂದೆನಲ್ಲ, ಒಂದು ಹೇಳೋದು ಬಿಟ್ಟೆ. ಹೋದ ಮಳೆಗಾಲ ಟಕ್, ಟಕ್, ಟಕ್ ಅಂತ ಸೆಕೆಂಡಿಗೊಂದು ಸಲ ಶುರುವಾಯ್ತು. ವಾರಗಟ್ಟಲೆ ಹುಡುಕಿದೆ. ಕೊನೆಗೆ ಪುಟ್ಟ ರೇಡಿಯೋ ಕೈಲಿ ಹಿಡ್ಕೊಂಡು ತೋಟದ ಅಂಚಲ್ಲಿ ನಡೆದೆ, ಹಂದಿ ಬರದ ಹಾಗೆ ಹಾಕಿದ ಸೋಲಾರ್ ಬೇಲಿ. ಹುಲ್ಲು ಬೆಳೆದು ತಂತಿಗೆ ತಾಗ್ತಿತ್ತು, ಪ್ರತಿ ಪಲ್ಸಿಗೂ ಅಲ್ಲಿ ಕಿಡಿ. ಹುಲ್ಲು ಸವರಿದ ಮೇಲೆ ಹೋಯ್ತು. ಈಗ ಹದಿನೈದು ದಿನಕ್ಕೊಮ್ಮೆ ಕತ್ತಿ ಹಿಡಿದು ಹೋಗೋದು ನನ್ನ ಆಂಟೆನಾ ಕೆಲಸದಲ್ಲಿ ಸೇರಿದೆ.

ಕಡಲಕರೆ_ಉಡುಪಿ
ಅದಿರಲಿ, ಅಡಿಕೆಗೆ ಈ ಸಲ ಎಲೆಚುಕ್ಕಿ ರೋಗ ಹೇಗಿದೆ ನಿಮ್ಮ ಕಡೆ?

ಕೊಪ್ಪ_ಅಡಿಕೆತೋಟ
ಅದು ಕೇಳಬೇಡಿ ಮಾರಾಯ್ರೆ. ಆಂಟೆನಾ ಕಟ್ಟಿದ ಎರಡು ಮರದಲ್ಲಿ ಒಂದಕ್ಕೆ ಬಂದಿದೆ. ಮುಂದಿನ ವರ್ಷ ಕಂಬನೇ ನೆಡಬೇಕೇನೋ.

ನನಗೆ ಒಂದು ಆಸೆ ಇದೆ. ನಮ್ಮ ಅಡಿಕೆ ಅಟ್ಟದ ಪಕ್ಕ ಒಂದು ಕೋಣೆ ಖಾಲಿ ಇದೆ. ನಾಲ್ಕೈದು ಜನ ಸೇರಿ ಒಂದು ಒಳ್ಳೇ ರಿಗ್, ಮೂರು ಬ್ಯಾಂಡಿಗೆ ತಂತಿ, ಬ್ಯಾಟರಿ ಇಟ್ರೆ ಪಟ್ಟಣದಲ್ಲಿ ಜಾಗ ಇಲ್ಲದವರು ಬಂದು ಕೂತು ಮಾತಾಡಬಹುದು. ಸಿಡಿಲಿಗೆ ಮಾತ್ರ ಜಾಗ್ರತೆ, ಏಪ್ರಿಲ್ ಮೇ ಸಂಜೆ ಕೇಬಲ್ ಕಿತ್ತು ಹೊರಗೆ ಹಾಕಿರಲೇಬೇಕು.

ನ್ಯೂಜೆರ್ಸಿ_ಕನ್ನಡಿಗ
ಇಲ್ಲಿ ಎಷ್ಟೋ ಜನ ದೂರದ ಬೆಟ್ಟದ ಮೇಲಿನ ಸ್ಟೇಷನನ್ನ ಇಂಟರ್ನೆಟ್ ಮೂಲಕ ಮನೆಯಿಂದಾನೇ ನಡೆಸ್ತಾರೆ. ಡಿಎಕ್ಸ್‌ಸಿಸಿಗೂ (ನೂರು ದೇಶ ಮುಟ್ಟಿದವರಿಗೆ ಕೊಡೋ ಪ್ರಶಸ್ತಿ) ಲೆಕ್ಕಕ್ಕಿದೆ, ಟ್ರಾನ್ಸ್‌ಮಿಟರ್ ಎಲ್ಲಿದೆಯೋ ಆ ಜಾಗದ ಹೆಸರಲ್ಲಿ. ನನಗೆ ಮಾತ್ರ ನಿಮ್ಮ ಅಟ್ಟದ ಕೋಣೆನೇ ಇಷ್ಟ ಆಯ್ತು. ಕಂಬದ ಖರ್ಚಲ್ಲಿ ನನ್ನದೊಂದು ಪಾಲು ಬರ್ಕೊಳ್ಳಿ.

ಹುಬ್ಬಳ್ಳಿ_5ವ್ಯಾಟ್
ನಾನೂ ಬರ್ತೀನ್ರಿ. ಮೈಸೂರ್ ಸರ್ ಬಂದ್ರ ಮೋರ್ಸ್ ಕಲಸ್ತಾರೇನು? ಜನರಲ್ ಗ್ರೇಡಿಗೆ ನಿಮಿಷಕ್ಕ ಎಂಟ ಪದ ಬರಬೇಕ್ರಿ, ನಂದು ನಾಕಕ್ಕ ನಿಂತೈತಿ.

ಮೈಸೂರು_ಕೀ
ಬರ್ತೀನಿ. ಮೋರ್ಸ್ ಒತ್ತೋ ಕೀ ತರ್ತೀನಿ, ಎರಡು ತರ್ತೀನಿ. ನೀವು ಲ್ಯಾಪ್‌ಟಾಪ್ ತನ್ನಿ, ಆ ಎಫ್‌ಟಿ8 ನನಗೂ ತೋರಿಸಿ.

ತಂತಿಮನೆ_ಬೆಂಗಳೂರು
ರಿಗ್ ಯಾರಿಗೂ ಕೊಡ್ತಿಲ್ಲ. ಡಬ್ಬಕ್ಕೆ ಹಾಕಿದ್ದನ್ನ ಮತ್ತೆ ಹೊರಗೆ ತೆಗೆದೆ. ಕೊಪ್ಪದವರೇ, ಬರೋ ಶನಿವಾರ ಹೊರಡ್ತೀವಿ, ವಿಯು3 ಹುಡುಗನ್ನೂ ತಂಗಿನೂ ನನ್ನ ಕಾರಲ್ಲೇ ಕರ್ಕೊಂಡು ಬರ್ತೀನಿ. ನನ್ನ ಹತ್ರ ಕೋಆಕ್ಸ್ 30 ಮೀಟರ್ ಇದೆ, ಸಾಕಾ?

ಕೊಪ್ಪ_ಅಡಿಕೆತೋಟ
ಅಟ್ಟದಿಂದ ಮರಕ್ಕೆ ಅಷ್ಟರಲ್ಲಿ ಮುಟ್ಟಲ್ಲ ಸರ್, 50 ತನ್ನಿ. ಘಾಟಿ ಇಲ್ಲ, ಆದ್ರೆ ಕೊನೇ ಮೂರು ಕಿಲೋಮೀಟರ್ ಮಣ್ಣು ರಸ್ತೆ, ಕತ್ತಲಾಗೋ ಮೊದಲು ಬಂದುಬಿಡಿ.